ಅಕೆಲ್ಲೊ ಹೇಳಿದ ಮರಗಳು

ಹಮಾಮತ್ಸುವಿನ ಔಷಧಿ ಅಂಗಡಿಯಲ್ಲಿ ಕೈಗೆ ಹಚ್ಚುವ ಕ್ರೀಮುಗಳಿಗೆಂದೇ ಒಂದು ಉದ್ದದ ಕಪಾಟಿದೆ. ಚಳಿ ಶುರುವಾದರೆ ನನ್ನ ಬೆರಳ ಗೆಣ್ಣುಗಳು ಒಡೆಯುತ್ತವೆ. ಮೊನ್ನೆ ಅಲ್ಲಿ ನಿಂತು ಸ್ಯಾಂಪಲ್ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸುತ್ತಿದ್ದೆ. ಒಂದರ ಮೇಲೆ ಜಪಾನಿ ಅಕ್ಷರದಲ್ಲಿ ಶಿಯಾ ಎಂದು ಬರೆದಿತ್ತು. ಆಸೆಯಿಂದ ಮೂಗಿನ ಹತ್ತಿರ ಹಿಡಿದರೆ ಗುಲಾಬಿಯ ಪರಿಮಳ. ನನಗೆ ಸಿಟ್ಟೇ ಬಂತು. ಶಿಯಾ ಮರದ ಬೀಜದ ಎಣ್ಣೆಗೂ ಗುಲಾಬಿಗೂ ಯಾವ ಜನ್ಮದ ನಂಟು? ಅದರದು ಸೌದೆಯ ಹೊಗೆ, ಹುರಿದ ಕಡಲೆಕಾಯಿ, ಹಳೆಯ ಬೆಣ್ಣೆ ಮೂರೂ ಬೆರೆತ ವಾಸನೆ. ಮೊದಲಿದ್ದ ವಾಕೋದಲ್ಲಿ ಒಂದು ಇಡೀ ಮಳೆಗಾಲ ನನ್ನ ಕೈಗೆ ಆ ವಾಸನೆಯಿತ್ತು. ಡಬ್ಬಿ ಮುಚ್ಚಿಟ್ಟು ಅಲ್ಲೇ ನಿಂತುಬಿಟ್ಟೆ. ಏನು ಬೇಕೆಂದು ಕೇಳಲು ಬಂದ ಅಂಗಡಿಯ ಹುಡುಗಿ ನನ್ನ ಕಣ್ಣು ತುಂಬಿದ್ದು ಕಂಡು ಸುಮಿಮಾಸೆನ್ ಎಂದು ಹಿಂದೆ ಸರಿದಳು. ಈ ದೇಶದಲ್ಲಿ ಅಳುವವರು ನಾವಾದರೂ ಕ್ಷಮೆ ಕೇಳುವವರು ಅವರೇ.

ಆಗ ನಾವಿನ್ನೂ ಹಮಾಮತ್ಸುವಿಗೆ ಬಂದಿರಲಿಲ್ಲ. ನನ್ನ ಗಂಡ ಶ್ರೀಧರನಿಗೆ ಟೋಕಿಯೋದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಬಾಡಿಗೆ ಕಡಿಮೆ ಎಂದು ಪಕ್ಕದ ವಾಕೋದಲ್ಲಿ ಮನೆ. ಮಗಳು ಇಂಚರ ಅಲ್ಲಿನ ಶಾಲೆಯಲ್ಲಿ ಒಂದನೇ ಕ್ಲಾಸು. ನಾನು ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಜಪಾನಿಗೆ ಡಿಪೆಂಡೆಂಟ್ ವೀಸಾದ ಮೇಲೆ ಬಂದು, ಪ್ಲಾಸ್ಟಿಕ್ ಕಸ ಯಾವ ದಿನ, ಗಾಜಿನ ಬಾಟಲಿ ಯಾವ ದಿನ ಎಂಬ ಪಾಠವನ್ನು ನಾನೇ ಕಲಿಯುತ್ತಿದ್ದೆ. ಎದುರು ಮನೆಯ ಅಕೆಲ್ಲೊ ನನಗೆ ಸಿಕ್ಕಿದ್ದೂ ಕಸದ ಬುಟ್ಟಿಯ ಬಳಿಯೇ. ಇಬ್ಬರೂ ತಪ್ಪು ದಿನ ತಪ್ಪು ಚೀಲ ತಂದಿದ್ದೆವು. ನನ್ನ ಮುಖ, ನನ್ನ ಚೀಲ ಎರಡನ್ನೂ ನೋಡಿ ಅವಳು ಜೋರಾಗಿ ನಕ್ಕಳು. ವಾಕೋಗೆ ಬಂದ ಮೇಲೆ ಯಾರಾದರೂ ಅಷ್ಟು ಜೋರಾಗಿ ನಕ್ಕಿದ್ದು ನಾನು ಕೇಳಿದ್ದು ಅದೇ ಮೊದಲು.

ಅಕೆಲ್ಲೊ ಉಗಾಂಡಾ ದೇಶದ ಉತ್ತರ ಭಾಗದವಳು, ಅಚೋಲಿ ಜನ. ವಾಕೋದ ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಗಿಡಮರಗಳ ತೊಗಟೆಯಿಂದ ರಸ ತೆಗೆದು ಅದರಲ್ಲಿ ಏನಿದೆ ಎಂದು ನೋಡುವುದು ಅವಳ ಕೆಲಸ. ಮದುವೆಯಾಗಿರಲಿಲ್ಲ. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು, ಎತ್ತರದಲ್ಲಿ ಒಂದು ಗೇಣು ಹೆಚ್ಚು. ನನ್ನ ಹೆಸರು ಹಿಡಿದು ಅವಳು ಒಮ್ಮೆಯೂ ಕರೆಯಲಿಲ್ಲ. ಮಕ್ಕಳಿರುವ ಹೆಂಗಸನ್ನು ಹೆಸರು ಹಿಡಿದು ಕರೆಯುವುದು ಅವರಲ್ಲಿ ಮರ್ಯಾದೆಯಲ್ಲವಂತೆ. ನಾನು ಅವಳಿಗೆ ಮಿನ್ ಇಂಚರ, ಅಂದರೆ ಇಂಚರಳ ಅಮ್ಮ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ. ಆದರೆ ನೆನಪಿನಲ್ಲಿ ಅವಳು ನನ್ನ ಜೊತೆ ಶುದ್ಧ ಮೈಸೂರು ಕನ್ನಡ ಆಡುತ್ತಾಳೆ. ಏನು ಮಾಡಲಿ, ಹಾಗೇ ಬರೆಯುತ್ತೇನೆ.

ಭಾನುವಾರ ನಾವು ಪಾರ್ಕಿಗೆ ಹೋಗುತ್ತಿದ್ದೆವು. ಅಲ್ಲಿ ಪ್ರತಿ ಮರಕ್ಕೂ ಹೆಸರಿನ ಪುಟ್ಟ ಹಲಗೆ ಕಟ್ಟಿದ್ದಾರೆ. ಅವಳಿಗೆ ಅದನ್ನು ಕಂಡರೆ ತಮಾಷೆ.

"ನೋಡಿ ಮಿನ್ ಇಂಚರ, ಎಲ್ಲ ಮರಗಳೂ ಆಫೀಸಿನ ಬ್ಯಾಡ್ಜ್ ಹಾಕ್ಕೊಂಡು ನಿಂತಿವೆ. ಹೆಸರೇನೋ ಇದೆ, ಆದರೆ ಏನು ಕೆಲಸ ಮಾಡುತ್ತೆ ಅಂತ ಬರೆದೇ ಇಲ್ಲ."

ಅವರ ಊರಿನಲ್ಲಿ ಮರದ ಹೆಸರು ಹೇಳಿದರೆ ಅದರ ಕೆಲಸವನ್ನೂ ಜೊತೆಗೇ ಹೇಳಬೇಕು. ಅಜ್ಜಿ ಮಕ್ಕಳಿಗೆ ಹಾಗೇ ಕಲಿಸುವುದು. ಯಾ ಎಂದರೆ ಶಿಯಾ ಮರ. ಮಳೆಗಾಲದಲ್ಲಿ ಹೆಂಗಸರು ಅದರ ಉದುರಿದ ಹಣ್ಣನ್ನು ಆಯ್ದು, ಬೀಜ ಕುಟ್ಟಿ, ಹುರಿದು, ಕುದಿಸಿ ಎಣ್ಣೆ ತೆಗೆಯುತ್ತಾರೆ. ಹುಟ್ಟಿದ ಮಗುವಿನ ಮೈಗೂ ಅದೇ, ಅಡುಗೆಗೂ ಅದೇ. ಕಿಟುಬಾ ನಮ್ಮ ಆಲದ, ಗೋಣಿಮರದ ಕುಲದ್ದು. ಅದರ ಕೆಲಸ ನೆರಳು ಕೊಡುವುದು, ನ್ಯಾಯ ಕೇಳುವುದು. ಹಿರಿಯರು ಕೂರುವುದು ಅದರ ಬುಡದಲ್ಲೇ. ಓಪುಟ್ ಎಂಬ ಮರದ ಬೇರು ವಿಷದಂತೆ ಕಹಿ. ಕೊಲೆಯಾದ ಮೇಲೆ ಎರಡು ಕುಲಗಳು ರಾಜಿಯಾಗಬೇಕಾದರೆ ಆ ಬೇರು ಕದಡಿದ್ದನ್ನು ಒಂದೇ ಸೋರೆ ಬುರುಡೆಯಿಂದ ಇಬ್ಬರೂ ಕುಡಿಯಬೇಕು. ಅಲ್ಲಿಯವರೆಗೆ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುವಂತಿಲ್ಲ. ನಾನು ಮಕ್ಕಳಿಗೆ ಎಲೆಯ ಅಂಚು, ಹೂವಿನ ದಳ ಎಂದೆಲ್ಲ ವರ್ಷಗಟ್ಟಲೆ ಉರು ಹೊಡೆಸಿದ್ದೇನೆ. ಮರಕ್ಕೆ ಇಂಥ ಕೆಲಸವೂ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಒಮ್ಮೆ ನಾನು ಸಾರಿಗೆಂದು ಹುಣಸೆಹಣ್ಣು ನೆನೆಹಾಕಿದ್ದೆ. ಅಕೆಲ್ಲೊ ಬಟ್ಟಲಿಗೆ ಬೆರಳದ್ದಿ ಚೀಪಿದಳು. "ಚ್ವಾ" ಎಂದಳು, ಹುಣಸೆಗೆ ಅವರ ಮಾತಿನಲ್ಲಿ ಅದೇ ಹೆಸರು. ಅವರ ಊರಿನಲ್ಲಿ ಸಿರಿಧಾನ್ಯದ ಗಂಜಿಗೆ ಹುಣಸೆಹುಳಿ ಹಿಂಡುತ್ತಾರಂತೆ. ಅವತ್ತು ನಾನು ರಾಗಿ ಗಂಜಿ ಮಾಡಿ ಹುಳಿ ಹಿಂಡಿ ಕೊಟ್ಟೆ. ಇಂಚರ ಒಂದು ಚಮಚ ಬಾಯಿಗಿಟ್ಟು "ಮುರಿ, ಮುರಿ", ನನ್ನಿಂದಾಗಲ್ಲ ಎಂದು ಜಪಾನಿಯಲ್ಲಿ ಹೇಳಿ ಕೈ ಆಡಿಸಿ ಓಡಿಹೋದಳು. ಅಕೆಲ್ಲೊ ಮಾತ್ರ ಎರಡು ಲೋಟ ಕುಡಿದಳು. ಮಾರನೆಯ ದಿನ ಒಂದು ಹಳೆಯ ಜಾಮ್ ಬಾಟಲಿಯಲ್ಲಿ ತಾಯಿ ಕಳಿಸಿದ ಯಾ ಎಣ್ಣೆ ತಂದು, ಪಾತ್ರೆ ತೊಳೆದು ಒಡೆದುಹೋಗಿದ್ದ ನನ್ನ ಕೈಗೆ ತಾನೇ ಹಚ್ಚಿದಳು.

ಹಚ್ಚುತ್ತಾ ತನ್ನ ಹೆಸರಿನ ವಿಷಯ ಹೇಳಿದಳು. ಅವರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರೆ ಮೊದಲನೆಯವನು ಒಪಿಯೊ, ಎರಡನೆಯವನು ಒಚೆನ್. ಅವರ ಬೆನ್ನಿಗೆ ಹುಟ್ಟಿದ ಹೆಣ್ಣು ಅಕೆಲ್ಲೊ. ಹೆಸರು ಕೇಳಿದ ಕೂಡಲೇ ಅವರ ಕಡೆಯವರು ಅವಳಿಗಳು ಹೇಗಿದ್ದಾರೆ ಎಂದು ಕೇಳುತ್ತಾರೆ. ಒಪಿಯೊ ಚೆನ್ನಾಗಿದ್ದಾನೆ, ಪೇಟೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಚೆನ್ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಅವಳು ಚಿಕ್ಕವಳಿದ್ದಾಗ ಆ ಸೀಮೆಯಲ್ಲಿ ದಂಗೆಕೋರರ ಯುದ್ಧ. ಹಳ್ಳಿಗೆ ನುಗ್ಗಿ ಮಕ್ಕಳನ್ನು ಎಳೆದೊಯ್ದು ಅವರ ಕೈಗೇ ಬಂದೂಕು ಕೊಡುತ್ತಿದ್ದರು. ಒಂದು ದಿನ ಒಪಿಯೊಗೆ ಜ್ವರ. ಒಚೆನ್ ಒಬ್ಬನೇ ಬಾವಿಗೆ ನೀರಿಗೆ ಹೋದ. ಕೊಡ ಮಾತ್ರ ಸಿಕ್ಕಿತು. ಆಮೇಲೆ ಊರಿಗೆ ಊರೇ ಗುಳೆ ಎದ್ದು ಶಿಬಿರದಲ್ಲಿ ವರ್ಷಗಟ್ಟಲೆ ಇತ್ತು. ಯುದ್ಧ ನಿಂತು ವಾಪಸ್ಸು ಬಂದಾಗ ತಾಯಿ ಮನೆ ಕಟ್ಟುವ ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಬಳಿ ಒಂದು ಒಪೊಬೊ ಗಿಡ ನೆಟ್ಟಿದ್ದು.

ಒಪೊಬೊದ ತೊಗಟೆ ಲೋಳೆಲೋಳೆ, ಹಿಂದೆ ಅದನ್ನೇ ಸೋಪಿನ ಹಾಗೆ ಉಜ್ಜಿ ತೊಳೆಯುತ್ತಿದ್ದರಂತೆ. ಬಹಳ ಕಾಲ ಹೊರಗಿದ್ದವನು ಮನೆಗೆ ಬಂದಾಗ ಬಾಗಿಲಲ್ಲಿ ಅದರ ಕವಲು ಕಡ್ಡಿಯ ನಡುವೆ ಒಂದು ಹಸಿ ಕೋಳಿಮೊಟ್ಟೆ ಇಡುತ್ತಾರೆ. ಬಂದವನು ಅದನ್ನು ತುಳಿದು ಒಡೆದು ಒಳಗೆ ಕಾಲಿಡಬೇಕು. ಹೊರಗೆ ಅವನು ಮಾಡಿದ್ದು, ಅವನಿಗೆ ಆಗಿದ್ದು ಎಲ್ಲವೂ ಅಲ್ಲೇ ಉಳಿಯುತ್ತದೆ. ಮೊಟ್ಟೆಯಂತೆ ಏನೂ ಅರಿಯದವನಾಗಿ ಅವನು ಒಳಗೆ ಬರುತ್ತಾನೆ. ಮತ್ತೆ ಯಾರೂ ಅವನನ್ನು ಏನೂ ಕೇಳುವಂತಿಲ್ಲ.

"ನಮ್ಮಲ್ಲಿ ಆರತಿ ಎತ್ತಿ ಕೆಂಪು ನೀರು ಚೆಲ್ಲುತ್ತೀವಲ್ಲ, ಅದೇ," ಎಂದೆ. "ಆದರೆ ಮೊಟ್ಟೆ ಒಡೆದರೆ ವಾಸನೆ ಬರಲ್ವೇನೇ?"

"ನೀವು ಮೊಟ್ಟೆ ತಿನ್ನದ ಜನ. ನಿಮಗೆ ವಾಸನೆ ಒಂದೇ ಗೊತ್ತಾಗೋದು," ಎಂದು ರೇಗಿಸಿದಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಅಮ್ಮನ ಹತ್ತಿರ ನಾನು ಎಷ್ಟು ಸಲ ಜಗಳ ಆಡಿದೀನಿ ಗೊತ್ತಾ. ಅವನು ಸತ್ತಿದಾನೆ, ಕಾರ್ಯ ಮಾಡಿ ಮುಗಿಸು ಅಂತ. ಗಿಡ ಇನ್ನೂ ಹಸಿರಾಗಿದೆ, ನೀನ್ಯಾಕೆ ಅವಸರ ಮಾಡ್ತೀಯ ಅಂತಾಳೆ. ಗಿಡಕ್ಕೆ ದಿನಾ ನೀರು ಹಾಕೋಳು ಇವಳೇ, ಹಸಿರಾಗಿರದೆ ಇನ್ನೇನಾಗುತ್ತೆ?"

ಜೂನ್ ಬಂತು. ಜಪಾನಿನ ಆ ಮಳೆಗಾಲವನ್ನು ಮಳೆ ಎನ್ನುವುದಕ್ಕಿಂತ ಒಣಗದ ಕಾಲ ಎನ್ನಬೇಕು. ಬಟ್ಟೆ ಒಣಗುವುದಿಲ್ಲ, ಗೋಡೆ ಒಣಗುವುದಿಲ್ಲ, ತಲೆಕೂದಲೂ ಒಣಗುವುದಿಲ್ಲ. ಅಂಥ ಒಂದು ಬೆಳಿಗ್ಗೆ ಅಕೆಲ್ಲೊ ಕೆಲಸಕ್ಕೂ ಹೋಗದೆ ನನ್ನ ಮನೆ ಬೆಲ್ ಮಾಡಿದಳು. ಒಂದು ಕಾಲಿಗೆ ಮಾತ್ರ ಚಪ್ಪಲಿಯಿತ್ತು. ಊರಿನಿಂದ ಸುದ್ದಿ ಬಂದಿತ್ತು: ನೆರೆಯ ದೇಶದ ಕಾಡಿನಲ್ಲಿದ್ದ ದಂಗೆಕೋರರಿಂದ ಒಂದಷ್ಟು ಜನ ತಪ್ಪಿಸಿಕೊಂಡು ಬಂದು ಪೇಟೆಯ ಪುನರ್ವಸತಿ ಕೇಂದ್ರ ಸೇರಿದ್ದಾರೆ. ಅವರಲ್ಲೊಬ್ಬ ತನ್ನ ಹೆಸರು ಒಚೆನ್ ಎಂದಿದ್ದಾನೆ.

ಒಪಿಯೊ ಹೋಗಿ ನೋಡಿ ಬಂದಿದ್ದ. ಅವಳಿಗಳಾದರೂ ಅವರಿಬ್ಬರು ಚಿಕ್ಕಂದಿನಲ್ಲೂ ಒಂದೇ ತರಹ ಇರಲಿಲ್ಲ. ಈಗಂತೂ ಬಂದವನ ಕೆನ್ನೆಯ ಮೇಲೆ ದೊಡ್ಡ ಗಾಯದ ಗುರುತು, ಹಲ್ಲುಗಳಿಲ್ಲ, ಮಾತೂ ಕಡಿಮೆ. ಮುಖ ನೋಡಿ ಹೇಳಲಾರೆ ಎಂದ ಒಪಿಯೊ. ಆದರೆ ಕೇಂದ್ರದವರು ನಿನ್ನ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಆ ಮನುಷ್ಯ ಊರಿನ ಹೆಸರು ಹೇಳಿ ಸುಮ್ಮನಾಗಲಿಲ್ಲ, ಮರಗಳನ್ನು ಹೇಳಿದ. ಬಾವಿಯ ಪಕ್ಕ ಸಿಡಿಲು ಹೊಡೆದು ಸೀಳಿದ ಚ್ವಾ. ಅಲ್ಲಿಂದ ಮನೆಯ ಕಡೆ ಬಂದರೆ ಎರಡು ಯಾ ಮರ, ಒಂದು ನೆಟ್ಟಗೆ, ಇನ್ನೊಂದು ಹೊಲದ ಕಡೆ ಬಾಗಿದ್ದು. ಆಮೇಲೆ ಕಿಟುಬಾ, ಅದರ ಒಂದು ಬೇರು ಕೂರಲು ಹೇಳಿ ಮಾಡಿಸಿದ ಹಾಗೆ ಮೇಲೆದ್ದಿದೆ.

"ಬಾಗಿದ ಯಾ ಈಗ ಇಲ್ಲ," ಎಂದಳು ಅಕೆಲ್ಲೊ. "ಎರಡನ್ನೂ ನಾವು ಶಿಬಿರದಲ್ಲಿದ್ದಾಗ ಇದ್ದಿಲು ಸುಡೋರು ಕಡಿದು ಹಾಕಿದ್ರು. ಒಪಿಯೊ ಹೆಂಡತಿಗೇ ಆ ಮರಗಳು ಗೊತ್ತಿಲ್ಲ. ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ, ಮಿನ್ ಇಂಚರ? ನೀವೇ ಹೇಳಿ."

"ಮತ್ತಿನ್ನೇನು? ನಿಮ್ಮಣ್ಣನೇ!" ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಎತ್ತಿಯೇಬಿಟ್ಟಳು.

ಇಷ್ಟು ವರ್ಷ ಸತ್ತಿದ್ದಾನೆ ಎಂದು ವಾದ ಮಾಡಿದವಳೇ ಆ ವಾರ ನೆಲದ ಮೇಲಿರಲಿಲ್ಲ. ಹೊಸ ಶರ್ಟ್ ತೆಗೆದಳು, ಅಳತೆ ಗೊತ್ತಿಲ್ಲದೆ ಎರಡು ಸೈಜಿನಲ್ಲಿ. ಬೀದಿಯ ಕೊಂಬಿನಿ ಅಂಗಡಿಯ ಕೌಂಟರಿನಲ್ಲಿದ್ದ ಹುಡುಗನಿಗೂ ಅಣ್ಣ ಬರುತ್ತಿದ್ದಾನೆ ಎಂದು ಹೇಳಿ ಬಂದಳು. ಶ್ರೀಧರ ಮಾತ್ರ ರಾತ್ರಿ ಊಟ ಮಾಡುತ್ತಾ, "ಏನೇ, ಇಷ್ಟು ವರ್ಷ ಆದ್ಮೇಲೆ... ಒಂದು ಡಿಎನ್‌ಎ ಟೆಸ್ಟ್ ಮಾಡಿಸಿಬಿಡೋದು ಸೇಫ್ ಅಲ್ವಾ?" ಎಂದ. ನಿನಗೆ ಎಲ್ಲದಕ್ಕೂ ಟೆಸ್ಟಿಂಗ್ ಬೇಕು ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಮನೆಗೆ ಕರೆತರುವ ದಿನ ಗೊತ್ತಾಯಿತು. ಅವರ ಬೆಳಗು ನಮ್ಮ ಸಂಜೆ. ಒಬ್ಬಳೇ ನೋಡಲಾರೆ ಎಂದು ಅಕೆಲ್ಲೊ ಲ್ಯಾಪ್‌ಟಾಪ್ ತಂದು ನಮ್ಮ ಊಟದ ಮೇಜಿನ ಮೇಲಿಟ್ಟಳು. ನಾನು ಕೇಸರಿಬಾತ್ ಮಾಡಿದ್ದೆ. ಶಾಲೆಯಿಂದ ಬಂದ ಇಂಚರ ತನ್ನ ಕ್ಲಾಸಿನ ಹೂಕುಂಡವನ್ನು ಬಾಲ್ಕನಿಯಲ್ಲಿಟ್ಟು, ಯಾರದೋ ಬರ್ತ್‌ಡೇ ಇರಬೇಕೆಂದು ಬಂದು ಪಕ್ಕದಲ್ಲಿ ಕೂತಳು. ಒಪಿಯೊ ಆ ಕಡೆ ಫೋನ್ ಹಿಡಿದಿದ್ದ. ಚಿತ್ರ ಅಲ್ಲಾಡುತ್ತಿತ್ತು. ಕೆಂಪು ಮಣ್ಣಿನ ಅಂಗಳ, ಗುಂಪುಗೂಡಿದ ಜನ, ಬಾಗಿಲ ಬಳಿ ಆಳೆತ್ತರದ ಒಪೊಬೊ. ತಾಯಿಯನ್ನು ನಾನು ನೋಡಿದ್ದು ಆಗಲೇ. ಸಣ್ಣ ಹೆಂಗಸು, ಹಳದಿ ಉಡುಪು. ಮಗಳ ಎತ್ತರ ಎಲ್ಲಿಂದ ಬಂತೋ ಅನ್ನಿಸಿತು. ಕವಲು ಕಡ್ಡಿಯನ್ನು ತಾನೇ ಮುರಿದು ಹೊಸಲಿನ ಮುಂದಿಟ್ಟು, ಅದರ ನಡುವೆ ಮೊಟ್ಟೆಯನ್ನು ಕೂರಿಸಿ, ಅದು ಉರುಳಿದಾಗ ಮತ್ತೆ ಸರಿಮಾಡಿ, ದೂರ ಸರಿದು ನಿಂತರು. ಅಲ್ಲಿನ ಮಾತನ್ನೆಲ್ಲ ಅಕೆಲ್ಲೊ ನನಗೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

ವ್ಯಾನಿನಿಂದ ಇಳಿದ ಮನುಷ್ಯ ತೆಳ್ಳಗಿದ್ದ. ಯಾರೋ ಕೊಟ್ಟ ಕೋಟು ಭುಜದಿಂದ ಜಾರುತ್ತಿತ್ತು. ಹೆಂಗಸರು ಕೂಗಿ ಸ್ವಾಗತಿಸಿದರು. ಅವನು ಮೊಟ್ಟೆಯ ತನಕ ಬಂದು ಬಲಗಾಲು ಎತ್ತಿದ. ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ. ಮತ್ತೆ ಎತ್ತಲಿಲ್ಲ. ತುಳಿ, ತುಳಿ ಎಂದು ಎಲ್ಲರೂ ಹುರಿದುಂಬಿಸಿದರು. ಅವನು ಅಲ್ಲೇ ಮಂಡಿಯೂರಿ ತಾಯಿಯ ಕಡೆ ತಿರುಗಿ ಏನೋ ಹೇಳಿದ. ಕೂಗು ನಿಂತಿತು.

ಅಕೆಲ್ಲೊ ಅನುವಾದ ನಿಲ್ಲಿಸಲಿಲ್ಲ. ಅದನ್ನು ನಾನು ಇವತ್ತಿಗೂ ಮರೆಯಲಾರೆ. ಸೆಮಿನಾರಿನಲ್ಲಿ ಬೇರೆಯವರ ಪ್ರಬಂಧ ಓದುವ ದನಿಯಲ್ಲಿ, ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋದಳು.

"ನಾನು ಒಚೆನ್ ಅಲ್ಲ ಅಂತಿದಾನೆ. ಒಚೆನ್ ಇಲ್ಲ ಅಂತಿದಾನೆ. ನನ್ನ ಹಿಡಿದಾಗ ನಾನು ತುಂಬ ಚಿಕ್ಕವನು, ನನ್ನ ಊರು ಯಾವುದು, ಅಪ್ಪ ಯಾರು ಏನೂ ಗೊತ್ತಿಲ್ಲ ಅಂತಿದಾನೆ. ಒಚೆನ್ ದಿನಾ ಅವನಿಗೆ ಈ ದಾರಿ ಹೇಳ್ತಿದ್ದನಂತೆ. ಹಸಿವಾದಾಗ ಇಬ್ಬರೂ ಕಣ್ಮುಚ್ಚಿ ಬಾವಿಯಿಂದ ಮನೆ ತನಕ ಮರ ಮರ ದಾಟಿ ಬರ್ತಿದ್ರಂತೆ. ಮನೆ ಎಲ್ಲಿ ಅಂತ ಕೇಳಿದಾಗ ನನಗೆ ಗೊತ್ತಿದ್ದ ಮನೆ ಇದೊಂದೇ ಅಂತಿದಾನೆ. ದಾರೀಲಿ ಹೇಳೋಣ ಅಂದುಕೊಂಡೆ, ಆಗಲಿಲ್ಲ. ಅಮ್ಮ ಮೊಟ್ಟೆ ಇಟ್ಟಿರ್ತಾಳೆ ಅಂತ ಒಚೆನ್ ಯಾವಾಗ್ಲೂ ಹೇಳ್ತಿದ್ದ. ಇದು ಅವನ ಮೊಟ್ಟೆ, ನಾನು ಹೇಗೆ ತುಳೀಲಿ ಅಂತಿದಾನೆ."

ತಾಯಿ ನೆಲದ ಮೇಲೆ ಕೂತರು. ಬಿದ್ದಿದ್ದಲ್ಲ, ಮೊಣಕಾಲು ಹಿಡಿದು ನಿಧಾನವಾಗಿ ಕೂತರು. ಅವರು ಅಳುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಯಾವ ಮರದ ಕೆಳಗೆ ಮಣ್ಣು ಮಾಡಿದ್ರಿ ಅಂತ ಕೇಳ್ತಿದಾಳೆ," ಎಂದಳು ಅಕೆಲ್ಲೊ.

ಅವನು ನೆಲ ನೋಡುತ್ತಲೇ ಉತ್ತರ ಕೊಟ್ಟ.

"ಒಂದು ದೊಡ್ಡ ಮರ ಅಂತಿದಾನೆ. ಆ ಮರ ನಮ್ಮ ಕಡೆ ಇಲ್ಲ. ನಮ್ಮ ಮಾತಿನಲ್ಲಿ ಅದಕ್ಕೆ ಹೆಸರಿಲ್ಲ ಅಮ್ಮ ಅಂತಿದಾನೆ."

ಅಂಗಳದಲ್ಲಿ ಗದ್ದಲವೆದ್ದಿತು. ಸುಳ್ಳು ಹೇಳಿ ಬಂದವನನ್ನು ವ್ಯಾನು ಹತ್ತಿಸಿ ಎಂದು ಕೆಲವರು, ಅವನ ಕೈಯಲ್ಲಿ ಏನೇನು ರಕ್ತವಿದೆಯೋ ಯಾರಿಗೆ ಗೊತ್ತು ಎಂದು ಇನ್ನು ಕೆಲವರು. ತಾಯಿ ಎದ್ದರು. ಮೊಟ್ಟೆ ಇಟ್ಟಾಗಿದೆ, ಇವನೂ ಯಾವುದೋ ಮನೆಯಿಂದ ಹೋದವನೇ, ಅವನ ಅಮ್ಮ ಎಲ್ಲಿ ಇಟ್ಟು ಕಾಯುತ್ತಿದ್ದಾಳೋ ಅವನಿಗೂ ಗೊತ್ತಿಲ್ಲ, ಎಂದರು. ಆಮೇಲೆ ಅವನ ಮೊಣಕೈ ಹಿಡಿದು ಎಬ್ಬಿಸಿ, ತುಳಿ ಎಂದರು. ಮೊಟ್ಟೆ ಒಡೆದ ಸದ್ದು ನಮಗೆ ಕೇಳಲಿಲ್ಲ. ಆ ಮನುಷ್ಯ ಬಾಯಿಬಿಟ್ಟು ಅತ್ತಿದ್ದು ಮಾತ್ರ ಕೇಳಿಸಿತು. ಅಕೆಲ್ಲೊ ಲ್ಯಾಪ್‌ಟಾಪನ್ನು ಟಪ್ಪನೆ ಮುಚ್ಚಿದಳು.

"ಅಮ್ಮಾ, ಆಂಟಿ ಯಾಕೆ ಕ್ರೈಯಿಂಗ್?" ಎಂದು ಇಂಚರ ನನ್ನ ಸೆರಗೆಳೆದಳು. ಆಮೇಲೆ ತಾನೇ ಅವಳ ಬಳಿ ಹೋಗಿ, "ದೈಜೋಬು? ದೈಜೋಬು?", ಏನೂ ಆಗಿಲ್ಲ ತಾನೇ ಎಂದು ಜಪಾನಿಯಲ್ಲಿ ಕೇಳುತ್ತಾ ಬೆನ್ನು ಸವರಿದಳು. ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ. ಶ್ರೀಧರ ಬಂದವನು ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡ. ನಾ ಹೇಳಿದ್ದೆ ಎಂದು ಅನ್ನಲಿಲ್ಲ. ಆ ಒಂದು ಕಾರಣಕ್ಕೆ ಅವನ ಎಷ್ಟೋ ತಪ್ಪುಗಳನ್ನು ನಾನು ಮಾಫಿ ಮಾಡಿದ್ದೇನೆ.

ಅಕೆಲ್ಲೊಗೆ ತಾಯಿಯ ಮೇಲೆ ತಡೆಯಲಾರದ ಸಿಟ್ಟು. ಅಷ್ಟು ವರ್ಷ ನೀರೆರೆದ ಗಿಡ, ಅಣ್ಣನಿಗೆಂದೇ ಇಟ್ಟ ಮೊಟ್ಟೆ, ಯಾರೋ ಬಂದವನ ಕಾಲಿಗೆ ಹೋಯಿತು. ತಾಯಿ ಅವನನ್ನು ಮನೆಯಲ್ಲೇ ಇರಿಸಿಕೊಂಡಿದ್ದಾರಂತೆ, ಒಚೆನ್‌ಗೆಂದು ಕಟ್ಟಿಸಿದ ಗುಡಿಸಲಿನಲ್ಲಿ. ಅಕೆಲ್ಲೊ ತಾಯಿಯ ಫೋನ್ ಎತ್ತುವುದನ್ನೇ ಬಿಟ್ಟಳು. ಮಳೆ ಸುರಿಯುತ್ತಲೇ ಇತ್ತು. ನಾನು ಅನ್ನ ಸಾರು ಕೊಟ್ಟು ಬರುತ್ತಿದ್ದೆ, ಡಬ್ಬಿ ಹಾಗೇ ವಾಪಸ್ಸು ಬರುತ್ತಿತ್ತು. ಒಂದು ದಿನ ಡಬ್ಬಿ ಹಿಡಿದು ಅವಳೇ ಬಂದಳು.

"ಮಣ್ಣು ಮಾಡಿದ ಜಾಗ ಗೊತ್ತಿಲ್ಲ, ಸರಿ. ಆದರೆ ಮರ ಯಾವುದು ಅಂತಾನೂ ಗೊತ್ತಾಗಬಾರದಾ, ಮಿನ್ ಇಂಚರ? ದಿನಾ ನಾನು ಮಾಡೋ ಕೆಲಸ ಅದೇ ಅಲ್ವಾ?"

ಅವತ್ತಿನಿಂದ ಅವಳು ಯಾರನ್ನು ದ್ವೇಷಿಸುತ್ತಿದ್ದಳೋ ಅವನಿಗೇ ಫೋನ್ ಮಾಡತೊಡಗಿದಳು. ಎಲೆ ಹೇಗಿತ್ತು? ಕಡಿದರೆ ಹಾಲು ಬರುತ್ತಿತ್ತಾ? ತೊಗಟೆಯ ವಾಸನೆ ಏನು? ಅವನು ಪಾಪ, ಬಂದೂಕು ಹೊತ್ತು ಓಡುತ್ತಿದ್ದವನು, ನೆನಪಿದ್ದಷ್ಟು ಹೇಳಿದ. ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದ ಮರ. ಕಾಂಡದ ತುಂಬ ಮೊಂಡು ಮುಳ್ಳು. ಗುಂಡಿ ಮುಚ್ಚಿದ ಮೇಲೆ ಅದರ ಮೇಲೆ ದೊಡ್ಡ ದೊಡ್ಡ ಕೆಂಪು ಹೂ ಬೀಳುತ್ತಿದ್ದವು, ದಪ್ಪ ದಳ. ಇನ್ನೊಮ್ಮೆ ಆ ದಾರಿಯಲ್ಲಿ ಹೋದಾಗ ನೆಲವೆಲ್ಲ ಹತ್ತಿ.

"ಅಯ್ಯೋ, ಇದು ನಮ್ಮ ಬೂರುಗ ಕಣೇ!" ಎಂದು ನಾನು ಕ್ಲಾಸಿನಲ್ಲಿ ಮೊದಲು ಕೈ ಎತ್ತಿದ ಹುಡುಗಿಯ ಹಾಗೆ ಕೂಗಿದೆ. ಕೂಗಿದ ಮೇಲೆ, ನಾನು ಹೇಳುತ್ತಿರುವುದು ಒಬ್ಬನ ಸಮಾಧಿಯ ವಿಷಯ ಎಂದು ನೆನಪಾಯಿತು. ಬೂರುಗದ ಒಂದು ದಾಯಾದಿ ಜಾತಿ ಆಫ್ರಿಕಾದ ಆ ಕಾಡುಗಳಲ್ಲೂ ಇದೆ. ಅವಳ ಲ್ಯಾಬಿನ ಹಿರಿಯ ಮಿಯಾಕೆ ಸಾನ್, ಒಣಗಿಸಿಟ್ಟ ಮಾದರಿಗಳನ್ನು ತೆಗೆದು ನೋಡಿ, ಬಹುಶಃ ಇದೇ ಎಂದು ಒಪ್ಪಿದರಂತೆ. ಯಾಕೆ ಬೇಕು ಎಂದು ಅವರು ಮೊದಲು ಕೇಳಿರಲಿಲ್ಲ. ಅವಳು ಹೇಳಿದ ಮೇಲೆ ಆ ಒಣಗಿದ ಹೂವಿಗೆ ತಲೆಬಾಗಿ ನಿಂತರಂತೆ. ಅದು ಅವಳಿಗೆ ಎಷ್ಟು ಹಿತವಾಯಿತೋ, ಆ ಸಂಜೆಯ ನಂತರ ಅವತ್ತು ಮೊದಲ ಸಲ ನನ್ನ ಎದುರು ಕೂತು ಊಟ ಮಾಡಿದಳು.

ಜುಲೈ ಕೊನೆಗೆ ಮಳೆ ನಿಂತಿತು. ನಿಂತ ಮಾರನೆಯ ದಿನವೇ ಜೀರುಂಡೆಗಳ ಕಿರುಚಾಟ, ಉರಿಬಿಸಿಲು. ಅಕೆಲ್ಲೊ ತಾಯಿಗೆ ಫೋನ್ ಮಾಡುವ ಧೈರ್ಯ ಮಾಡಿದಳು. ಮೊಟ್ಟೆಯ ದಿನದ ನಂತರ ಅವಳು ಅವರೊಡನೆ ಮಾತಾಡಿರಲಿಲ್ಲ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದಳು. ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಆ ಮರದ ಚಿತ್ರ ತೆರೆದಿತ್ತು. ಬೇಸಿಗೆಯಲ್ಲಿ ತೆಗೆದ ಚಿತ್ರ. ಮೈಸೂರಿನಲ್ಲಿ ಬೂರುಗದ ಮರ ನೋಡಿದವರಿಗೆಲ್ಲ ಗೊತ್ತು, ಹೂವಿನ ಕಾಲಕ್ಕೆ ಅದು ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಬಿಸಿಲು ನೆತ್ತಿ ಸುಡುವ ತಿಂಗಳುಗಳಲ್ಲೇ ಅದರ ಕೆಳಗೆ ಒಂದು ಬೊಗಸೆ ನೆರಳು ಸಿಕ್ಕುವುದಿಲ್ಲ.

ಅಕೆಲ್ಲೊ ಮರ ಸಿಕ್ಕಿತು ಎಂದಳು, ಅದರ ಲ್ಯಾಟಿನ್ ಹೆಸರನ್ನು ಹೇಳಿದಳು. ಆ ಕಡೆಯಿಂದ ತಾಯಿಯ ದನಿ, ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

"ಆ ಹೆಸರು ಹಿಡ್ಕೊಂಡು ನಾನು ಹೇಗೆ ಅಳಲಿ ಅಂತಿದಾಳೆ," ಎಂದು ಅಕೆಲ್ಲೊ ನನಗೆ ಹೇಳಿದಳು. "ಹೆಸರು ಬಿಡು, ಅದು ಏನು ಕೆಲಸಕ್ಕೆ ಬರುತ್ತೆ ಅಂತ ಕೇಳ್ತಿದಾಳೆ."

ಅವಳು ಒಂದೊಂದಾಗಿ ಹೇಳಿದಳು. ಹತ್ತಿಯನ್ನು ದಿಂಬಿಗೆ ತುಂಬುತ್ತಾರೆ. ಹೂವನ್ನು ಸಾರಿಗೆ ಹಾಕುತ್ತಾರೆ. ತೊಗಟೆಯ ಕಷಾಯ ಮಾಡುತ್ತಾರೆ. ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಅಂದರು. ಅಕೆಲ್ಲೊ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

"ಅದೆಲ್ಲ ಬದುಕಿರೋರಿಗೆ ಆಯ್ತು ಅಂತಿದಾಳೆ. ನೆರಳು ಕೊಡುತ್ತಾ ಅಂತ ಕೇಳ್ತಿದಾಳೆ."

ಪರದೆಯ ಮೇಲಿನ ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ಅಕೆಲ್ಲೊ ಅದನ್ನೇ ನೋಡುತ್ತಾ ಫೋನಿಗೆ ಬಗ್ಗಿ ಅಚೋಲಿಯಲ್ಲಿ ಏನೋ ಹೇಳಿದಳು, ಮಕ್ಕಳನ್ನು ಮಲಗಿಸುವಾಗ ಹೇಳುವಷ್ಟು ಮೆಲ್ಲಗೆ. ನನಗೆ ಅರ್ಥವಾಗಲಿಲ್ಲ.

"ಏನಂದೆ?" ಎಂದು ಪಿಸುಗುಟ್ಟಿದೆ.

"ಕೊಡುತ್ತೆ ಅಂದೆ. ವರ್ಷ ಪೂರ್ತಿ ದಟ್ಟ ನೆರಳು, ಒಂದು ಚೂರೂ ಬಿಸಿಲು ಬೀಳಲ್ಲ ಅಂದೆ."

ಇಪ್ಪತ್ತು ಬ್ಯಾಚುಗಳಿಗೆ ಎಲೆ ಉದುರುವ ಮರಗಳ ಪಾಠ ಮಾಡಿದವಳು ನಾನು. ಹೌದು ಎಂದು ತಲೆಯಾಡಿಸಿದೆ. ಆ ಕಡೆಯಿಂದ ತಾಯಿ ನಿಧಾನವಾಗಿ ಏನೋ ಅಂದರು. ಅಕೆಲ್ಲೊ ಕೈಯಿಂದ ಮುಖ ಮುಚ್ಚಿಕೊಂಡು, ಅದನ್ನೂ ನನಗೆ ಹೇಳಿದಳು.

"ಹಾಗಾದ್ರೆ ಮಲಗಿರಲಿ ಬಿಡು, ಅಂತಿದಾಳೆ."